ಫ್ರಾವ್ ಗೋಕಾಕ್ ಕಲಿತ ಜರ್ಮನ್

ಒಂದು ಭಾಷೆಯನ್ನು ಕಣ್ಣೀರು ಹಾಕಿ ಕಲಿತವರಿಗೆ ಒಂದು ಬಗೆಯ ಸೊಕ್ಕು ಬರುತ್ತದೆ. ಹುಟ್ಟಿನಿಂದ ಬಂದ ಭಾಷೆಯ ಬಗ್ಗೆ ಯಾರಿಗೂ ಸೊಕ್ಕಿರುವುದಿಲ್ಲ. ಅದು ಮೈಮೇಲಿನ ಚರ್ಮದ ಹಾಗೆ ತನ್ನ ಪಾಡಿಗೆ ತಾನಿರುತ್ತದೆ. ಕಲಿತ ಭಾಷೆ ಹಾಗಲ್ಲ, ಅದು ಕೊರಳಿನ ಸರದ ಹಾಗೆ. ಎದುರಿಗಿದ್ದವರು ಗಮನಿಸಲಿಲ್ಲವೆಂದರೆ ಸೆರಗು ಸ್ವಲ್ಪ ಸರಿಸಿ ತೋರಿಸಬೇಕೆನಿಸುತ್ತದೆ. ನನ್ನ ಕೊರಳಿನ ಸರ ಇಂಗ್ಲಿಷ್. ಹುಕ್ಕೇರಿಯ ಕನ್ನಡ ಶಾಲೆಯಲ್ಲಿ ಓದಿ ನರ್ಸಿಂಗ್ ಕಲಿಯಲು ಬೆಳಗಾವಿಗೆ ಹೋದ ಹೊಸದರಲ್ಲಿ, ನಮ್ಮ ಮೇಡಂ ಒಬ್ಬ ರೋಗಿಯನ್ನು ತೋರಿಸಿ ಅವರ 'ಬಾವೆಲ್' ಹೇಗಿದೆ ನೋಡಿಕೊಂಡು ಬಾ ಎಂದರು. ನಾನು ಹೋಗಿ ಅವರ ಮಂಚದ ಪಕ್ಕದಲ್ಲಿದ್ದ ಬಟ್ಟಲನ್ನು ಎತ್ತಿ, ಒಳಗೂ ಹೊರಗೂ ನೋಡಿ, ವಾಪಸು ಬಂದು, "ಕ್ಲೀನ್ ಇದೆ ಮೇಡಂ" ಎಂದೆ. ಅವರು ಕೇಳಿದ್ದು ಹೊಟ್ಟೆಯೊಳಗಿನ ಕರುಳಿನ ಬಗ್ಗೆ ಎಂದು ನನಗೆ ತಿಳಿದದ್ದು ಇಡೀ ತರಗತಿ ನಕ್ಕ ಮೇಲೆ. ಹಾಸ್ಟೆಲಿನ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತ ಆ ದಿನದಿಂದ ಹಿಡಿದು, ಇವತ್ತು ಗೋಕಾಕಿನ ಆಸ್ಪತ್ರೆಯಲ್ಲಿ ಹೊರಗಿನಿಂದ ಬರುವ ದೊಡ್ಡ ಡಾಕ್ಟರರ ಜೊತೆ ಇಂಗ್ಲಿಷಿನಲ್ಲಿ ವಾದ ಮಾಡುವವರೆಗೆ ನಾನು ನಡೆದು ಬಂದ ದಾರಿ ನನಗೆ ಮಾತ್ರ ಗೊತ್ತು. ಹಾಗಾಗಿ ನನ್ನ ಸೊಕ್ಕನ್ನು ಓದುಗರು ಕ್ಷಮಿಸಬೇಕು. ಮುಂದೆ ಅದಕ್ಕೆ ತಕ್ಕ ಶಾಸ್ತಿಯೂ ಆಗುವುದರಿಂದ ನಿಮಗೆ ನಷ್ಟವೇನಿಲ್ಲ.

ಜರ್ಮನ್ ಕಲಿಯುವ ಯೋಚನೆ ನನ್ನದಾಗಿರಲಿಲ್ಲ. ನಮ್ಮ ಆಸ್ಪತ್ರೆಯ ಒಬ್ಬ ಕಿರಿಯ ನರ್ಸ್ ಆ ಭಾಷೆಯ ಪರೀಕ್ಷೆ ಪಾಸು ಮಾಡಿ ಜರ್ಮನಿಯ ಆಸ್ಪತ್ರೆಯೊಂದಕ್ಕೆ ಹೊರಟಳು. ಆಕೆಯ ಬೀಳ್ಕೊಡುಗೆಯ ದಿನ ಎಲ್ಲರೂ ಚಹಾ ಕುಡಿಯುತ್ತ ನಿಂತಿದ್ದಾಗ ನಾನು ಸುಮ್ಮನೆ, "ನಾನೂ ಕಲೀಬೇಕು ನೋಡವಾ" ಎಂದೆ. ಆಕೆ ನನ್ನ ಕೈ ಹಿಡಿದುಕೊಂಡು, ಬಹಳ ಪ್ರೀತಿಯಿಂದ, "ಈ ವಯಸ್ಸಿನಾಗ ಅದೆಲ್ಲಾ ತ್ರಾಸ ಆಗತೈತ್ರಿ ಸಿಸ್ಟರ್, ಬಿಡ್ರಿ" ಎಂದಳು. ಪ್ರೀತಿಯಿಂದ ಹೇಳಿದ್ದೇ ತಪ್ಪಾಯಿತು. ಜಗಳವಾಡಿ ಹೇಳಿದ್ದರೆ ಎರಡು ದಿನದಲ್ಲಿ ಮರೆಯುತ್ತಿದ್ದೆ. ಆ ವಾರವೇ ಫೋನಿನಲ್ಲಿ ನಡೆಯುವ ಒಂದು ಜರ್ಮನ್ ತರಗತಿಗೆ ಸೇರಿದೆ. ಪಾಠ ಹೇಳುವವರು ಪುಣೆಯ ಒಬ್ಬ ಟೀಚರು. ಮೊದಲ ದಿನವೇ ಅವರು ಇಂಗ್ಲಿಷೂ ಜರ್ಮನ್ನೂ ಅಕ್ಕತಂಗಿಯರು, ಇಂಗ್ಲಿಷ್ ಬಲ್ಲವರಿಗೆ ಅರ್ಧ ದಾರಿ ಆಗಲೇ ಸವೆದಿರುತ್ತದೆ ಎಂದರು. ನನಗೆ ಅಷ್ಟು ಸಾಕಾಯಿತು.

ಮೊದಮೊದಲು ಟೀಚರು ಹೇಳಿದ್ದು ನಿಜವೆಂದೇ ಕಂಡಿತು. ಅದರಲ್ಲೂ ನರ್ಸಿಗೆ ಬೇಕಾದ ಶಬ್ದಗಳು ನನಗಾಗಿಯೇ ಕಾದು ಕುಳಿತಂತಿದ್ದವು. ಆರ್ಮ್ ಎಂದರೆ ಆರ್ಮ್, ಹ್ಯಾಂಡ್ ಎಂದರೆ ಹಾಂಡ್, ಫಿಂಗರ್ ಎಂದರೆ ಫಿಂಗರ್. ಭುಜಕ್ಕೆ ಶುಲ್ಟರ್, ರಕ್ತಕ್ಕೆ ಬ್ಲೂಟ್, ಜ್ವರಕ್ಕೆ ಫೀಬರ್. ನರ್ಸಿಗೆ ಅವರೂ ಶ್ವೆಸ್ಟರ್, ಅಂದರೆ ಸಿಸ್ಟರ್ ಎನ್ನುತ್ತಾರೆಂದು ತಿಳಿದ ದಿನ ನನಗೆ ಆ ದೇಶದಲ್ಲಿ ಯಾರೋ ಕುರ್ಚಿ ಹಾಕಿ ಕೂರಿಸಿದಂತಾಯಿತು. ಹಿಡಕಲ್ ಡ್ಯಾಮಿನ ನೀರಾವರಿ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಗಂಡನಿಗೆ ಸಂಜೆ ಬಂದ ಕೂಡಲೇ ಈ ಶಬ್ದಗಳನ್ನೆಲ್ಲ ಒಪ್ಪಿಸುತ್ತಿದ್ದೆ. ಅವರು ಬೂಟು ಬಿಚ್ಚುತ್ತ ಕೇಳಿ, "ಇದು ಜರ್ಮನ್ ಅಲ್ಲ ಬಿಡು. ಶೀತ ಆದಾವ್ರು ಮಾತಾಡೋ ಇಂಗ್ಲಿಷ್ ಐತಿ" ಎಂದರು.

ಕಷ್ಟ ಶುರುವಾದದ್ದು ಮನೆಯ ಸಾಮಾನುಗಳಿಂದ. ಆ ಭಾಷೆಯಲ್ಲಿ ಪ್ರತಿಯೊಂದು ವಸ್ತುವಿಗೂ ಗಂಡು, ಹೆಣ್ಣು ಅಥವಾ ಎರಡೂ ಅಲ್ಲ ಎಂಬ ಲೆಕ್ಕವಿದೆ. ಚಮಚ ಗಂಡು, ಊಟದ ಮುಳ್ಳುಚಮಚ ಹೆಣ್ಣು, ಚಾಕು ಎರಡೂ ಅಲ್ಲ. ಇದಕ್ಕೆ ಕಾರಣ ಕೇಳಿದರೆ ಪುಣೆಯ ಟೀಚರು, "ಕಾರಣ ಕೇಳಬೇಡಿ, ಬಾಯಿಪಾಠ ಮಾಡಿ" ಎಂದರು. ಅವರ ಸಲಹೆಯಂತೆ ನಾನು ಶಬ್ದಗಳನ್ನು ಚೀಟಿಗಳ ಮೇಲೆ ಬರೆದು ಮನೆಯ ತುಂಬ ಅಂಟಿಸಿದೆ. ಬಾಗಿಲಿಗೊಂದು, ತಿಜೋರಿಗೊಂದು, ರೊಟ್ಟಿಯ ಬುಟ್ಟಿಗೊಂದು, ಗೋಡೆಯ ಬುದ್ಧನ ಚಿತ್ರಕ್ಕೂ ಒಂದು.

ನಮ್ಮ ಮನೆಯಲ್ಲಿ ನಮ್ಮ ಅತ್ತೆ ಇದ್ದಾರೆ. ಮೂಡಲಗಿ ಕಡೆಯ ಮಸಗುಪ್ಪಿಯವರು. ಹೊಲಗಳಲ್ಲಿ ಕೂಲಿ ಮಾಡಿ ಮಗನನ್ನು ಓದಿಸಿದವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ಗೋಕಾಕಿಗೆ ಬಂದರು. ಚೀಟಿಗಳನ್ನೆಲ್ಲ ಅವರು ಒಂದು ಸುತ್ತು ನೋಡಿ, ಮೊದಲು ಬುದ್ಧನ ಚಿತ್ರದ ಮೇಲಿನದನ್ನು ಉಗುರಿನಿಂದ ಮೆಲ್ಲಗೆ ಕಿತ್ತು ನನ್ನ ಕೈಗೆ ಕೊಟ್ಟರು.

"ಇವಂಗ ಹಚ್ಚಬ್ಯಾಡ ಸುಜಾತಾ. ಇವಂಗ ಎಲ್ಲಾ ಭಾಷಾ ಬರತಾವು."

ಆಮೇಲೆ ಉಳಿದವುಗಳ ವಿಚಾರಣೆ ನಡೆಯಿತು. ಬಾಗಿಲು ಹೆಣ್ಣು ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಇರಬೇಕು. ಯಾರ್ ಬಂದ್ ಬಡದ್ರೂ ತಡಕೊಂಡ್ ನಿಂತಿರತೈತಿ" ಎಂದರು. ಚಮಚ ಗಂಡು ಎಂದೆ. "ಅದೂ ಖರೆ. ತಾನ ಏನೂ ಬೇಯಸಂಗಿಲ್ಲ, ಎಲ್ಲಾದರಾಗೂ ಮೂಗ ಹಾಕತೈತಿ." ನಾನು ತಿಂಗಳುಗಟ್ಟಲೆ ತಲೆಗೆ ತುಂಬಲು ಒದ್ದಾಡಿದ್ದನ್ನು ಅವರು ಒಂದು ಸಂಜೆಯಲ್ಲಿ ನ್ಯಾಯ ತೀರ್ಮಾನ ಮಾಡಿ ಮುಗಿಸಿದರು. ಕೊನೆಗೆ, ನನಗೆ ಎಲ್ಲಕ್ಕಿಂತ ಅನ್ಯಾಯವೆಂದು ಕಂಡ ಶಬ್ದವನ್ನು ಅವರ ಮುಂದಿಟ್ಟೆ. "ಅತ್ತಿ, ಅವರ ಭಾಷಾದಾಗ ಹುಡುಗಿ ಅಂದ್ರ ಹೆಣ್ಣಲ್ಲಂತ್ರಿ. 'ಅದು' ಅಂತ ಕರೀತಾರಂತ." ಅವರು ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು.

"ಅದರಾಗ ಹೊಸಾದೇನೈತಿ? ನಾವ್ ಅನ್ನಾಂಗಿಲ್ಲೇನ? 'ಹುಡುಗಿ ಸಾಲಿಗಿ ಹೋತು, ಹುಡುಗಿ ಬಂತು, ಅದಕ್ಕ ಉಣ್ಣಾಕ ನೀಡ' ಅಂತೀವಿ. ನೀನೂ ಅಂತಿ."

ಹೌದಲ್ಲ ಎನಿಸಿತು. ಹುಟ್ಟಿದಾಗಿನಿಂದ ಆಡುತ್ತ ಬಂದ ಮಾತು ನನ್ನ ಕಿವಿಗೆ ಅವತ್ತೇ ಬಿದ್ದಂತಾಯಿತು. ಜರ್ಮನ್ ಭಾಷೆಗೆ ಇಂಗ್ಲಿಷಿನ ಬಾಗಿಲಿನಿಂದಲೇ ಹೋಗಬೇಕೆಂದು ನಾನು ಹಟ ಹಿಡಿದಿದ್ದೆ. ಮಸಗುಪ್ಪಿಯ ಕಡೆಯಿಂದಲೂ ಒಂದು ಕಾಲುದಾರಿ ಇತ್ತು. ಆದರೂ ನಾನು ಇಂಗ್ಲಿಷನ್ನು ಬಿಡಲಿಲ್ಲ. ಟೀಚರು ಎಚ್ಚರಿಕೆ ಕೊಟ್ಟೇ ಇದ್ದರು. ಅಕ್ಕತಂಗಿಯರು ನೋಡಲು ಒಂದೇ ತರಹ ಇರುತ್ತಾರೆಂದು ಒಬ್ಬಳನ್ನು ಕರೆಯುವ ಹೆಸರಿನಿಂದ ಇನ್ನೊಬ್ಬಳನ್ನು ಕರೆಯಬಾರದು, ಒಂದೇ ತರಹ ಕೇಳುವ ಶಬ್ದಗಳಿಗೆ ಬೇರೆ ಬೇರೆ ಅರ್ಥ ಇರುತ್ತದೆ, ಜರ್ಮನ್ನಿನ 'ವೇರ್' ಇಂಗ್ಲಿಷಿನ ವೇರ್ ಅಲ್ಲ, ಅದಕ್ಕೆ 'ಯಾರು' ಎಂದು ಅರ್ಥ, 'ಎಲ್ಲಿ' ಎನ್ನಲು 'ವೋ' ಎನ್ನಬೇಕು ಎಂದೆಲ್ಲ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ತರಗತಿಯಲ್ಲಿ ತಲೆಯಾಡಿಸುವುದು ಬಹಳ ಸುಲಭ.

ಆ ವರ್ಷದ ಮಳೆಗಾಲದಲ್ಲಿ ಗೋಕಾಕದ ಫಾಲ್ಸ್ ತುಂಬಿ ಬೀಳುತ್ತಿದ್ದಾಗ ನೋಡಲು ಬಂದವರಲ್ಲಿ ಜರ್ಮನಿಯ ತಾಯಿ ಮಗಳಿಬ್ಬರಿದ್ದರು. ತಾಯಿಗೆ ಎಪ್ಪತ್ತು ದಾಟಿತ್ತು, ಹೆಸರು ಇಂಗ್ರಿಡ್. ಮಗಳು ಕಾಟ್ಯಾ. ಗೋವಾದಿಂದ ಬಾದಾಮಿಗೆ ಹೋಗುವ ದಾರಿಯಲ್ಲಿ ಫಾಲ್ಸ್ ನೋಡಿಕೊಂಡು ಹೋಗೋಣವೆಂದು ಇಳಿದಿದ್ದರಂತೆ. ಕಾರಿನ ಕಡೆಗೆ ವಾಪಸು ಬರುವಾಗ ಆ ಹಿರಿಯರು ಒದ್ದೆ ನೆಲದ ಮೇಲೆ ಜಾರಿ ಬಿದ್ದರು. ನಮ್ಮ ಆಸ್ಪತ್ರೆಗೆ ಕರೆತಂದಾಗ ಸೊಂಟದ ಕೀಲು ಮುರಿದಿತ್ತು. ಬೆಳಗಾವಿಗೆ ಕಳಿಸುವ ಮಾತಾಯಿತು. ಆದರೆ ಅಷ್ಟು ದೂರದ ಪ್ರಯಾಣದ ನೋವು ಅವರಿಗೆ ಬೇಡ, ಇಲ್ಲೇ ಮಾಡಿ ಎಂದು ಕಾಟ್ಯಾ ಒಪ್ಪಿದ್ದರಿಂದ ಆಪರೇಷನ್ ನಮ್ಮಲ್ಲೇ ನಡೆಯಿತು.

ಆಪರೇಷನ್ನಿಗೆ ಮೊದಲು ನಾನು ಅವರ ಮಂಚದ ಸುತ್ತ ಇಪ್ಪತ್ತು ಸಲವಾದರೂ ಸುಳಿದಿರಬೇಕು. ಇಡೀ ಆಸ್ಪತ್ರೆಗೆ ನಾನು ಜರ್ಮನ್ ಕಲಿಯುತ್ತಿರುವುದು ಗೊತ್ತಿತ್ತು. ಗೊತ್ತಾಗಲೆಂದೇ ನಾನು ನಡೆದುಕೊಂಡಿದ್ದೆ. ಆಯಾಗಳು ಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, "ಗುಟನ್ ಟಾಗ್, ಹಾಬನ್ ಜೀ ಶ್ಮೆರ್ತ್ಸನ್?" ಎಂದು ನೋವಿದೆಯೇ ಎಂಬುದನ್ನು ಕೇಳಿದೆ. ಅವರು ಅಷ್ಟು ನೋವಿನಲ್ಲೂ ಮುಗುಳ್ನಕ್ಕು, ನಮ್ಮ ಡಾಕ್ಟರರಿಗಿಂತ ಸೊಗಸಾದ ಇಂಗ್ಲಿಷಿನಲ್ಲಿ, ನೋವಿದೆ, ಆದರೆ ತಡೆಯಬಲ್ಲೆ, ನೀವು ಕೇಳಿದ್ದಕ್ಕೆ ಬಹಳ ಉಪಕಾರವಾಯಿತು ಎಂದರು. ನಾನು ಮತ್ತೆ ಜರ್ಮನ್ನಿನಲ್ಲಿ ಕೇಳಿದೆ. ಅವರು ಮತ್ತೆ ಇಂಗ್ಲಿಷಿನಲ್ಲಿ ಹೇಳಿದರು. ಹೀಗೆ ಸ್ವಲ್ಪ ಹೊತ್ತು ನಡೆದ ಮೇಲೆ ಬಾಗಿಲಲ್ಲಿದ್ದ ಒಬ್ಬ ಆಯಾ ಇನ್ನೊಬ್ಬಳಿಗೆ, "ಪಾಪ, ಅವರಿಗಿ ಜರ್ಮನ್ ಬರಂಗಿಲ್ಲ ಕಾಣತೈತಿ" ಎಂದಳು. ಅವಳು ನನ್ನ ಪರವಾಗಿ ಮಾತಾಡಿದ್ದೆಂದು ನಾನು ಇಂದಿಗೂ ನಂಬಿದ್ದೇನೆ.

ಆಪರೇಷನ್ ಚೆನ್ನಾಗಿ ಆಯಿತು. ಆದರೆ ವಯಸ್ಸಾದವರಿಗೆ ಅಂಥ ದೊಡ್ಡ ಆಪರೇಷನ್ನಿನ ಮೇಲೆ ಒಂದೆರಡು ದಿನ ತಲೆ ಗೊಂದಲಕ್ಕೆ ಬೀಳುವುದುಂಟು. ಎಲ್ಲಿದ್ದೇವೆ, ಯಾವ ದಿನ, ಎದುರಿಗಿರುವವರು ಯಾರು ಎಂಬುದು ಗೊತ್ತಾಗುವುದಿಲ್ಲ. ಇಂಗ್ರಿಡ್ ಅವರಿಗೂ ಹಾಗೇ ಆಯಿತು. ಮರುದಿನ ಎಚ್ಚರಾದಾಗ ಅವರ ಇಂಗ್ಲಿಷ್ ಪೂರ್ತಿ ಹೋಗಿತ್ತು. ಉಳಿದದ್ದು ಹುಟ್ಟಿನಿಂದ ಬಂದದ್ದು ಮಾತ್ರ. ಕಾಟ್ಯಾ ವಿಮೆಯ ಕಾಗದಪತ್ರದ ಕೆಲಸಕ್ಕೆಂದು ಬೆಳಗಾವಿಗೆ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ಇಂಗ್ರಿಡ್ ಮಂಚದಿಂದ ಕೆಳಗಿಳಿಯಲು ಹೆಣಗಲಾರಂಭಿಸಿದರು. ಹೊಸದಾಗಿ ಕೂಡಿಸಿದ ಕೀಲು. ಕಾಲೂರಿ ಬಿದ್ದರೆ ಎಲ್ಲ ಮುಗಿದಂತೆ. ಇಬ್ಬರು ಆಯಾಗಳು ಹಿಡಿದುಕೊಂಡರೆ ಅವರು ಇನ್ನಷ್ಟು ಬೆದರಿದರು. ಡಾಕ್ಟರರು ಮತ್ತೊಂದು ಆಪರೇಷನ್ನಿನಲ್ಲಿದ್ದರು. ಎಲ್ಲರೂ ನನ್ನ ಮುಖ ನೋಡಿದರು.

ನಾನು ಆಯಾಗಳನ್ನು ಹಿಂದೆ ಸರಿಸಿ ಮಂಚದ ಹತ್ತಿರ ಕೂತೆ. ಅವರು ನನ್ನನ್ನು ದಿಟ್ಟಿಸಿ, ನಡುಗುವ ದನಿಯಲ್ಲಿ, "ವೇರ್ ಜಿಂಟ್ ಜೀ?" ಎಂದರು.

ವೇರ್. ಕಿವಿಗೆ ಬಿದ್ದದ್ದು ಜರ್ಮನ್, ತಲೆಗೆ ಹೋದದ್ದು ಇಂಗ್ಲಿಷ್. ಪಾಪ, ತಾವು ಎಲ್ಲಿದ್ದೇವೆಂದು ಕೇಳುತ್ತಿದ್ದಾರೆ ಎಂದುಕೊಂಡು ನಾನು ನೆಲದ ಕಡೆ ಬೆರಳು ತೋರಿಸಿ, "ಗೋಕಾಕ" ಎಂದೆ.

"ಫ್ರಾವ್ ಗೋಕಾಕ್?"

"ಯಾ, ಯಾ. ಗೋಕಾಕ" ಎಂದು ತಲೆಯಾಡಿಸಿದೆ. ಅವರು ಕೇಳಿದ್ದು 'ನೀವು ಯಾರು' ಎಂದು. ಫ್ರಾವ್ ಎಂದರೆ ಶ್ರೀಮತಿ. ಹೀಗೆ ನಾನು ಶ್ರೀಮತಿ ಗೋಕಾಕಳಾದೆ. ಆಯಾಗಳು ಇವತ್ತಿಗೂ ಕೆಲವೊಮ್ಮೆ ಹಾಗೆಯೇ ಕರೆಯುತ್ತಾರೆ.

ಹೆಸರು ಗೊತ್ತಾದದ್ದರಿಂದಲೋ ಏನೋ, ಅವರು ನನ್ನ ಕೈ ಹಿಡಿದರು. ಇನ್ನೊಂದು ಕೈಯಿಂದ ತಮ್ಮ ತಲೆಯ ಮೇಲೆ ಸವರಿಕೊಳ್ಳುತ್ತ, ಬಹಳ ಆಸೆಯಿಂದ, "ಕೊಮ್ಟ್ ಮೈನ್ ಮಾನ್ ಬಾಲ್ಟ್?" ಎಂದು ಕೇಳಿದರು. ಈ ಸಲ ನನಗೆ ಪ್ರತಿಯೊಂದು ಶಬ್ದವೂ ತಿಳಿಯಿತು. ಕೊಮ್ಟ್ ಎಂದರೆ ಬರುವುದು. ಮೈನ್ ಮಾನ್ ಎಂದರೆ ನನ್ನ ಗಂಡ. ಬಾಲ್ಟ್ ಎಂದರೆ ಬಾಲ್ಡ್, ಬೋಳುತಲೆ. ತಲೆ ಸವರಿಕೊಂಡು ತೋರಿಸುತ್ತಲೂ ಇದ್ದರಲ್ಲ. ಬೋಳುತಲೆಯ ನನ್ನ ಗಂಡ ಬರುತ್ತಾರೆಯೇ ಎಂದು ಕೇಳುತ್ತಿದ್ದಾರೆ. ಹೆಂಡತಿಗೆ ಹೀಗಾಗಿದೆಯೆಂದರೆ ಆ ಮನುಷ್ಯ ಜರ್ಮನಿಯಿಂದ ಹೊರಟೇ ಇರಬೇಕು ಎಂದುಕೊಂಡೆ. ನಾನೂ ನನ್ನ ತಲೆ ಸವರಿ ತೋರಿಸಿ, ಶಬ್ದಗಳನ್ನು ಜೋಡಿಸಿಕೊಂಡು ಹೇಳಿದೆ: "ಯಾ. ಮಾನ್ ಕೊಮ್ಟ್ ಬಾಲ್ಟ್."

ಅವರ ಮುಖದ ಗಂಟುಗಳೆಲ್ಲ ಸಡಿಲಾದವು. ಕಾಲು ಸೆಳೆಯುವುದನ್ನು ಬಿಟ್ಟರು. ದಿಂಬಿಗೆ ಒರಗಿ, ಮತ್ತೆ ತಲೆ ಸವರಿಕೊಂಡರು. ಕೂದಲು ಕೆದರಿತ್ತು. ನಾನು ಬಾಚಣಿಕೆ ತಂದು ಅವರ ಬಿಳಿಗೂದಲನ್ನು ಸಿಕ್ಕು ಬಿಡಿಸಿ ಬಾಚಿದೆ. ಮದುವೆಗೆ ಸಿಂಗರಿಸಿಕೊಳ್ಳುವವರ ಹಾಗೆ ಅವರು ಅಲ್ಲಾಡದೆ ಇದ್ದರು. ಆಮೇಲೆ ಗುಳಿಗೆ ನುಂಗಿದರು, ರವೆಯ ಗಂಜಿ ಕುಡಿದರು, ಬಾಗಿಲಿನ ಕಡೆ ಮುಖ ಮಾಡಿ ಶಾಂತವಾಗಿ ಮಲಗಿದರು. ಡಾಕ್ಟರರು ಬಂದು ವಿಷಯ ತಿಳಿದು, "ಸಿಸ್ಟರ್, ಇಂಜೆಕ್ಷನ್ ಮಾಡಬೇಕಾಗಿದ್ದ ಕೆಲಸಾ ನಿಮ್ಮ ಭಾಷಾ ಮಾಡೇತಿ ನೋಡ್ರಿ" ಎಂದರು. ಆ ಮಧ್ಯಾಹ್ನ ನಾನು ಆಸ್ಪತ್ರೆಯ ಮೆಟ್ಟಿಲುಗಳನ್ನು ಹತ್ತಿ ಇಳಿದ ರೀತಿಯೇ ಬೇರೆ.

ಸಂಜೆ ಡ್ಯೂಟಿ ಮುಗಿಸಿ ಹೊರಡುತ್ತಿದ್ದಾಗ ಕಾಟ್ಯಾ ಹಿಂದಿನಿಂದ ಬಂದು ನನ್ನನ್ನು ನಿಲ್ಲಿಸಿದರು. ಬೆಳಗಾವಿಯಿಂದ ಆಗಷ್ಟೇ ಬಂದಿದ್ದರು. ಹೊಗಳಲು ಬಂದಿದ್ದಾರೆಂದು ನಾನು ತಯಾರಾಗಿ ನಿಂತೆ. ಅವರು ಇಂಗ್ಲಿಷಿನಲ್ಲಿ, "ನನ್ನ ತಾಯಿಗೆ ನೀವು ಏನು ಹೇಳಿದಿರಿ?" ಎಂದು ಕೇಳಿದರು. ನಾನು ಹೇಳಿದ್ದನ್ನು ಹೇಳಿದೆ. ಅವರು ಗೋಡೆಗೆ ಆನಿಕೊಂಡರು. "ಬಾಲ್ಟ್ ಎಂದರೆ ಬೇಗ. ಬೇಗ ಬರುತ್ತಾನೆಯೇ ಎಂದು ಕೇಳಿದ್ದಾಳೆ. ನನ್ನ ತಂದೆ ತೀರಿಕೊಂಡು ಎರಡು ವರ್ಷವಾಯಿತು. ಈಗ ಅವಳು, ಅಪ್ಪ ಬರುತ್ತಾರೆ, ಫ್ರಾವ್ ಗೋಕಾಕ್ ಹೇಳಿದ್ದಾರೆ ಎಂದು ಬಾಗಿಲು ನೋಡುತ್ತ ಕೂತಿದ್ದಾಳೆ."

ಅವರು ಸಿಟ್ಟಾಗಲಿಲ್ಲ. ಬಹಳ ದಣಿದಿದ್ದರು, ಅಷ್ಟೆ. ನನಗೆ ಇಂಗ್ಲಿಷಿನಲ್ಲಿ ಕ್ಷಮೆ ಕೇಳಲು ಎಷ್ಟೋ ಬಗೆ ಗೊತ್ತು. ಅವತ್ತು ಒಂದೂ ಬಾಯಿಗೆ ಬರಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು ಅಡುಗೆಮನೆಯಲ್ಲಿ ಕೂತು, ಪುಣೆಯ ಟೀಚರಿಗೆ ಫೋನು ಮಾಡಿ, 'ನನ್ನನ್ನು ಕ್ಷಮಿಸಿ' ಎಂಬುದಕ್ಕೆ ಜರ್ಮನ್ನಿನಲ್ಲಿ ಏನೆನ್ನಬೇಕೆಂದು ಕೇಳಿದೆ. ಅವರು, "ಎಸ್ ಟೂಟ್ ಮಿಯರ್ ಲೈಟ್" ಎಂದು ಹೇಳಿಕೊಟ್ಟರು. ರೊಟ್ಟಿ ಬಡಿಯುತ್ತ ಅದನ್ನೇ ಹೇಳಿಕೊಳ್ಳುತ್ತಿದ್ದೆ. ಲೈಟ್, ಲೈಟ್ ಎಂಬುದನ್ನು ಕೇಳಿ ಅತ್ತೆ ಒಳಗೆ ಬಂದು ಮೇಲಿನ ಬಲ್ಬು ನೋಡಿದರು.

"ಲೈಟ್ ಐತಲ್ಲ. ಯಾಕ ಬಡಬಡಸಾಕತ್ತಿ?"

ಎಲ್ಲವನ್ನೂ ಅವರಿಗೆ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ, ಬೋಳುತಲೆಯ ವಿಷಯಕ್ಕಾದರೂ ನಗಬಹುದಿತ್ತು. ಅವರು ಒಲೆಯ ಪಕ್ಕದಲ್ಲಿ ಕೂತು, ಸುಟ್ಟ ರೊಟ್ಟಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದರು.

"ಬರತಾನ ಅಂದಿ. ಅಷ್ಟ ಹೌದಲ್ಲ?" ಎಂದರು.

"ಸುಳ್ಳ ಹೇಳಿದಂಗ ಆತಲ್ರಿ ಅತ್ತಿ. ತೀರಿಕೊಂಡಾವ್ರನ ಬರತಾರ ಅಂದ್ನಿ."

"ನಿಮ್ಮ ಮಾವ ಹೋದಾಗ ಖರೆ ಹೇಳಾವ್ರು ಊರ ತುಂಬ ಇದ್ರು. ಬಂದಾವ್ರೆಲ್ಲಾ ಅದ ಹೇಳ್ತಿದ್ರು, ಇನ್ನ ಬರಂಗಿಲ್ಲವಾ, ಗಟ್ಟಿ ಆಗು ಅಂತ. ನನಗ ಅದು ಗೊತ್ತಿತ್ತಲ್ಲ. ಅವ್ರು ಹೊಲದಿಂದ ಬರೂ ಹೊತ್ತಿಗಿ ನಾ ಚಹಾಕ್ಕ ನೀರ ಇಟ್ಟ ಕುಂಡ್ರತಿದ್ನಿ. ಒಬ್ಬರರ ಬಂದು, ಬರತಾನ ತಡಿ ಅಂತ ಬಾಜೂ ಕುಂತಿದ್ರ ಆಗ್ತಿತ್ತು." ಆಮೇಲೆ ಎದ್ದು ಸೆರಗಿನಿಂದ ಕೈ ಒರೆಸಿಕೊಂಡು, "ಆದ್ರೂ ನಾಳಿ ಹೋಗಿ ಹೇಳು. ಕಾಯಾಕ ಬಿಟ್ಟ ಮರೀಬ್ಯಾಡ" ಎಂದರು.

ನಾನು ಅವರ ಜೊತೆ ಇಷ್ಟು ವರ್ಷ ಇದ್ದೇನೆ. ಇಬ್ಬರದೂ ಕನ್ನಡವೇ ಆದರೂ ಆ ಚಹಾದ ನೀರಿನ ಮಾತನ್ನು ಅವರು ಅದಕ್ಕೂ ಮೊದಲು ಒಮ್ಮೆಯೂ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಹೋದಾಗ ಇಂಗ್ರಿಡ್ ದಿಂಬಿಗೆ ಒರಗಿ ಕೂತು ಚಹಾ ಕುಡಿಯುತ್ತಿದ್ದರು. ಕಣ್ಣುಗಳು ತಿಳಿಯಾಗಿದ್ದವು. ಕಾಟ್ಯಾ ಪಕ್ಕದ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದರು. ನಾನು ಮಂಚದ ಹತ್ತಿರ ನಿಂತು, ರಾತ್ರಿಯೆಲ್ಲ ಉರುಹೊಡೆದದ್ದನ್ನು ಒಪ್ಪಿಸಿದೆ. ಅವರು ತಲೆಯಾಡಿಸಿ ಇಂಗ್ಲಿಷಿಗೆ ಬಂದರು. "ನಿನ್ನೆ ನಾನು ಏನೇನೋ ಮಾತಾಡಿದೆನಂತೆ. ಮಗಳು ಎಲ್ಲ ಹೇಳಿದಳು. ಸ್ವಲ್ಪ ಸ್ವಲ್ಪ ನನಗೂ ನೆನಪಿದೆ. ಯಾರೋ ಕೂದಲು ಬಾಚುತ್ತಿದ್ದರು. ಅವನು ಬರುತ್ತಾನೆಂದು ಕಾಯುತ್ತಿದ್ದೆ." ಅವರು ಚಹಾದ ಕಪ್ಪನ್ನು ಕೆಳಗಿಟ್ಟರು. "ಇವತ್ತು ಬೆಳಿಗ್ಗೆ ತಿಳಿಯಾದಾಗ ಕಷ್ಟವಾಯಿತು, ಸುಳ್ಳೇಕೆ ಹೇಳಲಿ. ಅವನು ಹೋದ ಸುದ್ದಿಯನ್ನು ಮತ್ತೊಮ್ಮೆ ಕೇಳಿದಂತೆ ಆಯಿತು. ಆದರೆ ಎರಡು ವರ್ಷದಲ್ಲಿ ನಾನು ಯಾರಿಗಾಗಿಯೂ ಕಾದಿರಲಿಲ್ಲ. ನಿನ್ನೆಯ ಮಧ್ಯಾಹ್ನವೇನೂ ಕೆಟ್ಟದಾಗಿರಲಿಲ್ಲ."

ನಾನು ಅವರ ನಾಡಿ ಹಿಡಿದು ನಿಂತೆ. ನಾಡಿ ನೋಡುವ ಹೊತ್ತೇನೂ ಆಗಿರಲಿಲ್ಲ. ಆಮೇಲೆ, ಕೇಳಬಾರದೆಂದುಕೊಂಡಿದ್ದರೂ, ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ. ಅವರ ಯಜಮಾನರ ತಲೆ ಬೋಳಾಗಿತ್ತೇ?

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಅರ್ಥವಾದ ಮೇಲೆ ನಗಲಾರಂಭಿಸಿದರು. ನಕ್ಕರೆ ಕೀಲು ನೋಯುತ್ತಿತ್ತು, ನೋಯುತ್ತಿದೆಯೆಂದು ಇನ್ನೂ ನಗು ಬರುತ್ತಿತ್ತು. ಕಾಟ್ಯಾ ಗಾಬರಿಯಿಂದ ಎಚ್ಚೆತ್ತು ತಾಯಿಗೆ ಮತ್ತೆ ಏನಾಯಿತೋ ಎಂದು ಎದ್ದು ನಿಂತರು. ಇಲ್ಲವಂತೆ. ಕೊನೆಯವರೆಗೂ ಗಂಡನ ತಲೆಯ ತುಂಬ ಕೂದಲಿತ್ತಂತೆ. ಅದರ ಬಗ್ಗೆ ಆ ಮನುಷ್ಯನಿಗೆ ವಿಪರೀತ ಜಂಬವಿತ್ತಂತೆ. "ಅವನನ್ನು ನೀವು ಬೋಳ ಎಂದದ್ದು ಅವನಿಗೆ ಗೊತ್ತಾಗಿದ್ದರೆ ನಿಜವಾಗಿಯೂ ಎದ್ದು ಬರುತ್ತಿದ್ದ" ಎಂದರು. ಹೇಳಿ ಮುಗಿಸುವಷ್ಟರಲ್ಲಿ ತಾಯಿ ಮಗಳಿಬ್ಬರ ಕಣ್ಣಲ್ಲೂ ನೀರಿತ್ತು. ನಾನು ಪರದೆ ಎಳೆದು ಹೊರಗೆ ಬಂದೆ.

ಅಲ್ಲಿಂದ ಅವರು ಊರಿಗೆ ಹೊರಡುವವರೆಗೆ ನನ್ನ ಪಾಠ ಅವರ ಮಂಚದ ಬಳಿಯೇ ನಡೆಯಿತು. ಮಧ್ಯಾಹ್ನದ ಊಟದ ನಂತರ ಅವರು ಇಂಗ್ಲಿಷ್ ಆಡಲು ಒಪ್ಪುತ್ತಲೇ ಇರಲಿಲ್ಲ. ಒಂದು ದಿನ ಅತ್ತೆಯೂ ಬಂದರು. ನನ್ನ ಗಂಡ ಒಂದು ಡಬ್ಬಿ ಕರದಂಟು ತಂದಿದ್ದರು. ಅತ್ತೆ ಮತ್ತು ಇಂಗ್ರಿಡ್ ಎದುರುಬದುರು ಕೂತು, ಒಬ್ಬರ ಮಾತು ಒಬ್ಬರಿಗೆ ತಿಳಿಯದೆ, ಹಲ್ಲಿಗೆ ಅಂಟುವ ಕರದಂಟನ್ನು ಜಗಿಯುತ್ತ ಬಹಳ ಹೊತ್ತು ಕಳೆದರು. ಬಾಯಿ ಅಂಟಿಕೊಂಡಿದ್ದರಿಂದ ಯಾರಿಗೂ ಭಾಷೆಯ ಕೊರತೆ ಕಾಣಲಿಲ್ಲ. ಹೊರಡುವಾಗ ಅತ್ತೆ ಅವರ ತಲೆಯ ಮೇಲೆ ಕೈಯಿಟ್ಟು, "ಹುಷಾರಾಗಿ ಹೋಗ್ರಿ. ಕಾಲ ಜ್ವಾಕಿ" ಎಂದರು. ಅವರು, "ಯಾ, ಯಾ" ಎಂದರು.

ಪರೀಕ್ಷೆಯ ಸುದ್ದಿಯನ್ನೂ ಹೇಳಬೇಕು. ಚಳಿಗಾಲದಲ್ಲಿ ಬೆಂಗಳೂರಿಗೆ ಹೋಗಿ ಬರೆದು ಬಂದೆ. ಮಾತಾಡುವುದರಲ್ಲಿ ಪಾಸಾದೆ, ಕೇಳಿಸಿಕೊಳ್ಳುವುದರಲ್ಲಿ ಪಾಸಾದೆ, ಓದುವುದರಲ್ಲಿ ಹೇಗೋ ದಾಟಿದೆ. ಬರೆಯುವುದರಲ್ಲಿ ಫೇಲಾದೆ. ಕೋಣೆಯ ಹೀಟರ್ ಕೆಟ್ಟಿದೆ ಎಂದು ಮನೆಯ ಮಾಲೀಕರಿಗೆ ಒಂದು ಪತ್ರ ಬರೆಯಬೇಕಾಗಿತ್ತು. ಹಿರಿಯರಿಗೆ ಬರೆಯುವ ಪತ್ರವನ್ನು ಹೀಟರಿನಿಂದ ಹೇಗೆ ಶುರು ಮಾಡುವುದು? ನಾನು ಅವರ ಆರೋಗ್ಯ ವಿಚಾರಿಸಿದೆ, ಮನೆಯವರೆಲ್ಲ ಕ್ಷೇಮವೇ ಎಂದು ಕೇಳಿದೆ, ನಾವೂ ಕ್ಷೇಮವೆಂದೆ, ಅವರ ಊರಿನ ಹವಾಮಾನದ ಬಗ್ಗೆ ಎರಡು ಒಳ್ಳೆಯ ಮಾತು ಬರೆದೆ. ಹೀಟರಿನ ಹತ್ತಿರ ಬರುವಷ್ಟರಲ್ಲಿ ಸಮಯ ಮುಗಿದಿತ್ತು. ಫಲಿತಾಂಶ ಕೇಳಿ ನನ್ನ ಗಂಡ, "ಇನ್ನೊಮ್ಮಿ ಕಟ್ಟು. ಈ ಸಲ ಸುರುವಿಗೇ ಜಗಳಾ ತಗಿ" ಎಂದರು. ಪಾಸಾದರೆ ಹೋಗುವೆಯಾ ಎಂದು ಎಲ್ಲರೂ ಕೇಳುತ್ತಾರೆ. ಎರಡು ವರ್ಷದ ಮಟ್ಟಿಗೆ ಹೋಗಿ ಬರುವುದೆಂದು ನಾವು ಮೂವರೂ ಕೂತು ಮಾತಾಡಿದ್ದೇವೆ. ಅತ್ತೆಯೇ ಎಲ್ಲರಿಗಿಂತ ಮೊದಲು ಹೂಂ ಅಂದವರು. ಬರೆಯುವ ಭಾಗವನ್ನು ಮತ್ತೆ ಕಟ್ಟಿದ್ದೇನೆ.

ಹಾಗಾಗಿ ಈಗ ಡ್ಯೂಟಿಯಲ್ಲಿದ್ದಾಗಲೂ ತಲೆಯೊಳಗೆ ಪತ್ರಗಳೇ ಓಡುತ್ತಿರುತ್ತವೆ. ಮೊನ್ನೆ ಮೊಣಕಾಲಿನ ಆಪರೇಷನ್ನಿಗೆಂದು ಕೊಣ್ಣೂರಿನ ಹಿರಿಯರೊಬ್ಬರು ಸೇರಿದರು. ಜೊತೆಗೆ ಅವರ ಸೊಸೆ ಇದ್ದಳು. ನಾನು ಒಳಗೊಳಗೇ ಮನೆಯ ಮಾಲೀಕರೊಡನೆ ಜರ್ಮನ್ನಿನಲ್ಲಿ ಜಗಳವಾಡುತ್ತ ಅವರ ಮಂಚದ ಪಕ್ಕ ಹಾದು ಹೋಗುತ್ತಿದ್ದೆ. ಅವರು, "ನರ್ಸ್ ಬಾಯಿ, ಡಾಕ್ಟರ ಯಾವಾಗ ಬರತಾರ್ರಿ?" ಎಂದು ಕೇಳಿದರು. ಒಂದು ನಿಮಿಷ, ದಯವಿಟ್ಟು, ಎಂಬುದು ನನ್ನ ಬಾಯಿಂದ ಜರ್ಮನ್ನಿನಲ್ಲೇ ಹೊರಬಿತ್ತು: "ಮೊಮೆಂಟ್, ಬಿಟ್ಟೆ."

"ಏನ್ ಬಿಟ್ರಿ?" ಎಂದರು ಅವರು.

ಕನ್ನಡಕ್ಕೆ ವಾಪಸು ಬರಲು ನನಗೆ ಒಂದು ಗಳಿಗೆ ಬೇಕಾಯಿತು. ಬಾಯಿ ತೆರೆದು ನಿಂತೆ. ಅವರು ನನ್ನನ್ನು ಕನಿಕರದಿಂದ ನೋಡಿ, ಸೊಸೆಯ ಕಡೆ ತಿರುಗಿ, "ಕೇರಳದ್ದು ಕಾಣತೈತಿ ಪಾಪ. ಕನ್ನಡ ಬರಂಗಿಲ್ಲ ಅದಕ್ಕ" ಎಂದರು. ಆಮೇಲೆ ನನ್ನ ಕಡೆ ವಾಲಿ, ಒಂದೊಂದು ಶಬ್ದವನ್ನೂ ಬಿಡಿಬಿಡಿಯಾಗಿ ಇಟ್ಟು, "ಸಿಸ್ಟರ್. ಮೈ. ಲೆಗ್. ಪೇನ್. ಡಾಕ್ಟರ್. ಕಮಿಂಗ್?" ಎಂದು ಕೇಳಿದರು. ಅಷ್ಟು ನಿಧಾನವಾಗಿ, ಅಷ್ಟು ಕರುಣೆಯಿಂದ ನನ್ನೊಡನೆ ಯಾರೂ ಇಂಗ್ಲಿಷ್ ಮಾತಾಡಿರಲಿಲ್ಲ. ನಾನು ಹುಕ್ಕೇರಿಯವಳು ಎಂದು ಹೇಳಲು ಮನಸ್ಸು ಬರಲಿಲ್ಲ.

"ಯೆಸ್" ಎಂದೆ. "ಡಾಕ್ಟರ್. ಕಮಿಂಗ್."

ಅವರು ಸೊಸೆಯನ್ನು ನೋಡಿ, "ನೋಡಿದೇನ, ನನ್ನ ಇಂಗ್ಲಿಷ್ ತಿಳೀತು ಅದಕ್ಕ" ಎಂದು ಮೀಸೆಯ ಮೇಲೆ ಕೈಯಾಡಿಸಿದರು. ಅವರು ಡಿಸ್‌ಚಾರ್ಜ್ ಆಗಿ ಹೋಗುವವರೆಗೆ ಆ ಮಂಚದ ಹತ್ತಿರ ನಾನು ಕೇರಳದವಳಾಗಿಯೇ ಉಳಿದೆ.